ಒಂದರ ಪಕ್ಕ ಎರಡಿಲ್ಲದ ಊರು

ನಮ್ಮ ಚಿಕ್ಕಮ್ಮನ ಮಗ ಕೆಲಸಕ್ಕೆಂದು ಲಂಡನ್ನಿಗೆ ಹೋದಾಗ ಬಸವಣ್ಣನ ಹತ್ತಿರವೇ ಮನೆ ಮಾಡಬೇಕು ಅಂತ ಹಟ ಹಿಡಿದ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ನಮ್ಮ ಪಿನ್‌ಕೋಡ್ ಇದ್ದ ಹಾಗೆ ಅಲ್ಲಿನ ಅಂಚೆ ಲೆಕ್ಕದಲ್ಲಿ ಆ ಜಾಗ ಎಸ್‌ಇ 1, ಅಂದರೆ ಸೌತ್ ಈಸ್ಟ್ 1. ಅಲ್ಲಿನ ಬಾಡಿಗೆ ಕೇಳಿಯೇ ಬೆವರಿದ. ಅಷ್ಟರಲ್ಲಿ ಎಸ್‌ಇ 2ರಲ್ಲಿ ಒಂದು ರೂಮು ಅಗ್ಗಕ್ಕೆ ಕಂಡಿತು. ಒಂದಾದ ಮೇಲೆ ಎರಡು ತಾನೇ? ಭಾನುವಾರ ನಡೆದುಕೊಂಡೇ ಹೋಗಿ ಕೈ ಮುಗಿದು ಬರಬಹುದು ಅಂದುಕೊಂಡು ಅಡ್ವಾನ್ಸ್ ಕೊಟ್ಟುಬಿಟ್ಟ.

ಎಸ್‌ಇ 1ರ ಲಂಡನ್ ಬ್ರಿಡ್ಜ್ ನಿಲ್ದಾಣದಲ್ಲಿ ಸೂಟ್‌ಕೇಸ್ ಎಳೆದುಕೊಂಡು ರೈಲು ಹತ್ತಿದ. ಡೆಪ್ಟ್‌ಫರ್ಡ್ ಬಂತು, ಎಸ್‌ಇ 8. ಗ್ರಿನಿಚ್, 10. ವೆಸ್ಟ್‌ಕೂಂಬ್ ಪಾರ್ಕ್, 3. ಚಾರ್ಲ್‌ಟನ್, 7. ವುಲಿಚ್, 18. ಯಾರೋ ಹೌಸಿ ಆಟದ ನಂಬರ್ ಕೂಗುತ್ತಿದ್ದ ಹಾಗೆ. ಹದಿನೆಂಟೂ ದಾಟಿ, ಊರೇ ಮುಗಿಯಿತೇನೋ ಅನ್ನುವಾಗ ಬಂತು ಆಬಿ ವುಡ್. ಎಸ್‌ಇ 2!

ವಿಷಯ ಇಷ್ಟೇ. 1850ರ ದಶಕದಲ್ಲಿ ಅಂಚೆ ಇಲಾಖೆಯ ರೋಲೆಂಡ್ ಹಿಲ್ ಸಾಹೇಬರ ಕಾಲದಲ್ಲಿ ಲಂಡನ್ನನ್ನು ದಿಕ್ಕಿನ ಪ್ರಕಾರ ಹತ್ತು ಅಂಚೆ ಭಾಗ ಮಾಡಿದರು. ಅಲ್ಲಿಯವರೆಗೆ ಸರಿ. 1917ರಲ್ಲಿ, ಮಹಾಯುದ್ಧದ ನಡುವೆ, ಪ್ರತಿ ಭಾಗವನ್ನೂ ಒಡೆದು ನಂಬರ್ ಹಚ್ಚಿದರು. ಮುಖ್ಯ ಅಂಚೆ ಕಚೇರಿ ಇದ್ದ ಕಡೆಗೆ 1. ಉಳಿದವಕ್ಕೆ ದೂರ ನೋಡಿ ಕೊಟ್ಟರೇ? ಇಲ್ಲ. ಎ, ಬಿ, ಸಿ, ಡಿ ಪ್ರಕಾರ ಕೊಟ್ಟರು. ಆಬಿ ವುಡ್ ಎ, ಅದಕ್ಕೇ 2. ವುಲಿಚ್ ಡಬ್ಲ್ಯೂ, ಅದಕ್ಕೇ 18. ನಮ್ಮ ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಅನಿಲನ ಕೆಳಗೆ ಅಶೋಕ ಇದ್ದ. ಹಾಗಂತ ಇಬ್ಬರ ಮನೆಗೂ ಒಂದೇ ಕಾಂಪೌಂಡೇ?

ಪೂರ್ವ ಭಾಗದಲ್ಲೂ ಇದೇ ಕಥೆ. ಚಿಂಗ್‌ಫರ್ಡ್ ಇ 4. ಅದಕ್ಕೆ ಅಂಟಿಕೊಂಡ ವಾಲ್ತಮ್‌ಸ್ಟೋ ಇ 17. ನಡುವಿನ ಹನ್ನೆರಡು ನಂಬರ್‌ಗಳನ್ನು ಪಕ್ಕದ ಬೀದಿಯಲ್ಲಿ ಹುಡುಕಬೇಡಿ.

ದಿಕ್ಕಾದರೂ ನೆಟ್ಟಗಿದೆಯಾ ಅಂದರೆ ಅದೂ ಇಲ್ಲ. ಲಂಡನ್ನಿನ ಅಂಚೆಗೆ ದಕ್ಷಿಣವೇ ಇಲ್ಲ! ಮೊದಲು ದಕ್ಷಿಣಕ್ಕೆ ಎಸ್ ಅಂತಲೂ ಈಶಾನ್ಯಕ್ಕೆ ಎನ್‌ಇ ಅಂತಲೂ ಭಾಗಗಳಿದ್ದವು. ಅಂಚೆ ಇಲಾಖೆಯಲ್ಲಿ ಆಂಥೋನಿ ಟ್ರೊಲೊಪ್ ಅಂತ ಒಬ್ಬ ಅಧಿಕಾರಿ ಇದ್ದರು. ಕಾದಂಬರಿಕಾರ ಅಂತ ಹೆಸರಾದವರು ಅವರೇ. 1866ರಲ್ಲಿ ಅವರೊಂದು ವರದಿ ಕೊಟ್ಟರು, ಎರಡೂ ಭಾಗ ಮಾಯ. (ಕಾದಂಬರಿಕಾರರ ಕೈಗೆ ಊರು ಕೊಟ್ಟರೆ ಇನ್ನೇನಾಗುತ್ತೆ?) ಬಿಟ್ಟುಹೋದ ಎಸ್ ಆಮೇಲೆ ಶೆಫೀಲ್ಡ್ ಊರಿನ ಪಾಲಾಯಿತು. ಶೆಫೀಲ್ಡ್ ಇರುವುದು ಲಂಡನ್ನಿನ ಉತ್ತರಕ್ಕೆ. ಇಂಗ್ಲೆಂಡಿನ ಈಶಾನ್ಯದಲ್ಲಿರುವ ನ್ಯೂಕಾಸಲ್‌ಗೆ ಹೋದ ಎನ್‌ಇ ಮಾತ್ರ ಹೇಗೋ ಮರ್ಯಾದೆ ಉಳಿಸಿಕೊಂಡಿತು.

ಊರಿನ ಗಡಿ ಕೇಳಿದರಂತೂ ಮುಗಿದೇಹೋಯಿತು. ಬ್ರಾಮ್ಲಿ 1965ರಿಂದ ಲಂಡನ್ನಿಗೆ ಸೇರಿದೆ. ಅಲ್ಲಿನವರು ಲಂಡನ್ ಮೇಯರ್‌ಗೆ ವೋಟು ಹಾಕುತ್ತಾರೆ. ಅವರ ಕಾಗದದ ಮೇಲೆ ಮಾತ್ರ ಲಂಡನ್ನಿನ ದಿಕ್ಕಿನ ಅಕ್ಷರವಿಲ್ಲ, ಬ್ರಾಮ್ಲಿಯದೇ ಬಿಆರ್. ಅದೇ ಪಕ್ಕದ ಎಸೆಕ್ಸ್ ಜಿಲ್ಲೆಯಲ್ಲಿರುವ ಸೀವರ್ಡ್‌ಸ್ಟನ್ ಅನ್ನುವ ಹಳ್ಳಿಗೆ ಆ ಮೇಯರ್ ಸಂಬಂಧವೇ ಇಲ್ಲ, ಕಾಗದಕ್ಕೆ ಮಾತ್ರ ಅಪ್ಪಟ ಲಂಡನ್ನಿನ ಇ 4. ಮಿಡ್ಲ್‌ಸೆಕ್ಸ್ ಎಂಬ ಜಿಲ್ಲೆಯ ಆಡಳಿತ ಮುಗಿದು ಅರವತ್ತು ವರ್ಷವಾಗಿದೆ. ವಿಳಾಸದಲ್ಲಿ ಅದನ್ನು ಇಂದಿಗೂ ಬರೆಯುವವರಿದ್ದಾರೆ, ದಿವಂಗತರ ಹೆಸರಲ್ಲಿ ಬರುವ ಕರೆಂಟ್ ಬಿಲ್ಲಿನ ಹಾಗೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಇ 20. ಅದು ಮೊದಲು ಹುಟ್ಟಿದ್ದು ಟೀವಿಯಲ್ಲಿ. 1985ರಲ್ಲಿ ಶುರುವಾದ ಬಿಬಿಸಿ ಧಾರಾವಾಹಿಯೊಂದರಲ್ಲಿ ವಾಲ್ಫರ್ಡ್ ಎಂಬ ಇಲ್ಲದ ಬಡಾವಣೆಗೆ ಈ ಇಲ್ಲದ ನಂಬರ್ ಕೊಟ್ಟರು. 2011ರಲ್ಲಿ ಸ್ಟ್ರಾಟ್‌ಫರ್ಡ್‌ನ ಒಲಿಂಪಿಕ್ ಪಾರ್ಕಿಗೆ ಅಂಚೆಯವರು ಅದನ್ನೇ ನಿಜವಾಗಿ ಹಚ್ಚಿದರು. ಮೊದಲು ಸೀರಿಯಲ್, ಆಮೇಲೆ ಸೈಟು.

ಇಷ್ಟೆಲ್ಲ ಗೊತ್ತಿದ್ದೂ ಅಲ್ಲಿ ಎರಡಕ್ಷರಕ್ಕೆ ಮನೆ ಬೆಲೆ ಏರುತ್ತದೆ, ಇಳಿಯುತ್ತದೆ. ಕಾರಿನ ಇನ್ಶೂರೆನ್ಸ್ ಕೂಡ ಅದನ್ನು ಕೇಳಿಯೇ ರೇಟು ಹೇಳುತ್ತದೆ.

ಮೊನ್ನೆ ಚಿಕ್ಕಮ್ಮ ಫೋನಿನಲ್ಲಿ ಮಗನನ್ನು ವಿಚಾರಿಸಿಕೊಳ್ಳುತ್ತಿದ್ದರು.

"ಏನೋ, ಬಸವಣ್ಣನ ಪಕ್ಕದಲ್ಲೇ ಮನೆ ಅಂದಿದ್ದೆ? ವಾರವಾರ ಹೋಗ್ತೀಯೋ ಇಲ್ವೋ?"

"ನಂಬರ್ ಪ್ರಕಾರ ಪಕ್ಕದಲ್ಲೇ ಇದೀನಮ್ಮ," ಅಂದ. "ರೈಲಿನಲ್ಲಿ ಹೋದ್ರೆ ಮಾತ್ರ ಸ್ವಲ್ಪ ದೂರ."