ನಾನು ಬರೆದಿಟ್ಟ ಕಾಗದವನ್ನು ಯಾರೂ ತೆರೆದು ನೋಡಲಿಲ್ಲ

"ನನಗೆ ಹ್ಯಾಲೊಪೆರಿಡಾಲ್ ಕೊಡಬೇಡಿ. ಕುತ್ತಿಗೆ ತಿರುಚಿಕೊಳ್ಳುತ್ತದೆ, ದವಡೆ ಬಿಗಿದುಕೊಳ್ಳುತ್ತದೆ."

ಇದು ನನ್ನ ಅಡ್ವಾನ್ಸ್ ಡೈರೆಕ್ಟಿವ್, ಅಂದರೆ ಮುಂದೆ ಕಾಯಿಲೆ ಏರಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮುಂಚೆಯೇ ಹೇಳಿಡುವ ಕಾಗದ. ನಾನು ಚೆನ್ನಾಗಿದ್ದಾಗ ಕೂತು ಯೋಚನೆ ಮಾಡಿ ಬರೆದಿದ್ದೆ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಮಾನಸಿಕ ಕಾಯಿಲೆ ಇರುವವರ ಹಕ್ಕು ಕಾಯುವ ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡ್‌ನಲ್ಲಿ ನೋಂದಣಿಯನ್ನೂ ಮಾಡಿಸಿದ್ದೆ. ಆದರೂ ಆಸ್ಪತ್ರೆಯಲ್ಲಿ ಅದೇ ಮನೋರೋಗದ ಔಷಧಿಯ ಇಂಜೆಕ್ಷನ್ ಚುಚ್ಚಿದರು. ಐದು ದಿನ!

ಬೈಪೋಲಾರ್ ಅನ್ನೋ, ಮನಸ್ಸು ವಿಪರೀತ ಏರಿಳಿಯುವ ಕಾಯಿಲೆಯ ಜೊತೆ ಹನ್ನೊಂದು ವರ್ಷ ಬದುಕಿದ್ದೇನೆ. ಯಾವ ಔಷಧಿ ಹಿಡಿಸುತ್ತದೆ, ಯಾವುದು ಹಿಡಿಸಲ್ಲ ಅಂತ ನನ್ನ ಮೈಗೆ ಗೊತ್ತು. ಅದನ್ನು ಹೇಳಲು ಬಾಯಿ ಬಾರದ ಹೊತ್ತಿಗೆ ಇರಲಿ ಅಂತಲೇ ಅಲ್ವಾ ಈ ಅಡ್ವಾನ್ಸ್ ಡೈರೆಕ್ಟಿವ್? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್ ಈ ಹಕ್ಕು ಕೊಟ್ಟಿದೆ. ಕಾಯ್ದೆ 2018ರಲ್ಲೇ ಜಾರಿಗೆ ಬಂದಿದೆ.

ಮೊದಲ ರಾತ್ರಿಯ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕು ರಾತ್ರಿ ನಿದ್ದೆ ಇಲ್ಲದೆ ರಸ್ತೆಗೆ ಓಡುತ್ತಿದ್ದೆ. ತುರ್ತು ಚಿಕಿತ್ಸೆಗೆ ಈ ಕಾಗದ ಅನ್ವಯಿಸುವುದಿಲ್ಲ, ಒಪ್ಪಿದೆ. ಆದರೆ ಆ ತುರ್ತಿಗೂ ಹೆಚ್ಚೆಂದರೆ 72 ಗಂಟೆಯ ಮಿತಿ ಇದೆ. ನಾಲ್ಕನೇ ದಿನ ಯಾವ ತುರ್ತು? ಅಷ್ಟೊತ್ತಿಗೆ ನಾನು ಮಂಚದ ಮೇಲೆ ಕೂತು ಗಂಜಿ ಕುಡಿಯುತ್ತಿದ್ದೆ. ಕುತ್ತಿಗೆ ಎಡಕ್ಕೆ ಎಳೆದು ನಿಂತಿತ್ತು, ಗಂಜಿ ಕಟವಾಯಿಯಿಂದ ಸೋರುತ್ತಿತ್ತು. "ಸಿಸ್ಟರ್, ನನ್ನ ಕಾಗದ ನೋಡಿ" ಅಂತ ತೊದಲಿದೆ. "ಸುಮ್ನೆ ಮಲಗಮ್ಮಾ, ಡಾಕ್ಟರಿಗೆ ಗೊತ್ತಿರುತ್ತೆ" ಅಂದರು.

ಕಾಗದದಲ್ಲಿ ನನ್ನ ಪ್ರತಿನಿಧಿ ಅಂತ ಗೆಳತಿಯ ಹೆಸರು ಬರೆದಿದ್ದೇನೆ. ನನ್ನ ಪ್ರತಿಯೊಂದು ಏರಿಳಿತವನ್ನೂ ಕಂಡವಳು ಅವಳು. ದಿನಾ ಕಾಗದದ ಪ್ರತಿ ಹಿಡಿದು ಬಂದಳು. "ನೀವು ಹೊರಗಿನವರು, ಮನೆಯವರನ್ನು ಕರೀರಿ" ಅಂತ ಬಾಗಿಲಲ್ಲೇ ನಿಲ್ಲಿಸಿದರು. ರಾತ್ರೋರಾತ್ರಿ ಬಸ್ ಹತ್ತಿ ಬಂದ ಅಣ್ಣ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಅಣ್ಣನ ಮೇಲೆ ಕೋಪ ಇಲ್ಲ, ಪಾಪ, ಅವನು ನಡುಗುತ್ತಿದ್ದ. ಆದರೆ 14ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಹೆಸರಿಸಿದವರೇ ಮೊದಲು, ಸಂಬಂಧಿಕರು ಆಮೇಲೆ. ಇದು ಆಸ್ಪತ್ರೆಗೆ ಗೊತ್ತಿರಬೇಡವಾ?

ನಾನು ಬರೆದದ್ದು ತಪ್ಪು ಅಂತ ಡಾಕ್ಟರಿಗೆ ಅನಿಸಿದರೆ ಅದಕ್ಕೂ ದಾರಿ ಇದೆ. ಬೋರ್ಡ್‌ಗೆ ಅರ್ಜಿ ಹಾಕಬೇಕು. ಬೋರ್ಡ್ ನನ್ನ ಮಾತನ್ನೂ ಕೇಳಿ ತೀರ್ಮಾನ ಮಾಡುತ್ತದೆ. ಸರಿಯಾಗಿ ಮಾಡಿಸಿದ ಡೈರೆಕ್ಟಿವ್ ಪಾಲಿಸಿ ನಿರೀಕ್ಷಿಸದೇ ಇದ್ದದ್ದು ಏನಾದರೂ ಆದರೆ, ಡಾಕ್ಟರನ್ನು ಹೊಣೆ ಮಾಡುವಂತಿಲ್ಲ ಅಂತಲೂ ಕಾನೂನಿನಲ್ಲಿದೆ. ಹಾಗಿದ್ದ ಮೇಲೆ ಎರಡು ಪುಟ ಓದೋಕೆ ಏನು ಕಷ್ಟ?

ಪೆನಿಸಿಲಿನ್ ಆಗಲ್ಲ ಅಂತ ಒಬ್ಬರು ಹೇಳಿದರೆ ಕೇಸ್ ಶೀಟ್ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ನನ್ನಂಥವಳು ಅದೇ ಥರದ ಮಾತು ಹೇಳಿದರೆ ಅದು ಕಾಯಿಲೆಯ ಬಡಬಡಿಕೆ.

ಡಿಸ್ಚಾರ್ಜ್ ಚೀಟಿಯಲ್ಲಿ "ರೋಗಿ ಚಿಕಿತ್ಸೆಗೆ ಸಹಕರಿಸಲಿಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಓದಿ ಕೈ ನಡುಗಿತು. ನಿನ್ನೆ ನನ್ನ ಪೂರ್ತಿ ಕೇಸ್ ಶೀಟ್ ಕೊಡಿ ಅಂತ ಅರ್ಜಿ ಕೊಟ್ಟು ಬಂದೆ. ಆ ಎರಡು ಪುಟ ಅದರಲ್ಲಿ ಇವೆಯಾ, ಇದ್ದರೆ ಯಾರ ಕೈಗೆ ಹೋಗಿದ್ದವು ಅಂತ ನೋಡಬೇಕು. ಬೋರ್ಡ್‌ಗೆ ದೂರು ಬರೆಯುತ್ತಿದ್ದೇನೆ. ಗೆಳತಿ ಪಕ್ಕದಲ್ಲಿ ಕೂತಿದ್ದಾಳೆ.