ಲ್ಯಾಬಲ್ಲಿ ಬೆಳೆದ ಕಿವಿಯ ಕೋಶ ಇಂಜೆಕ್ಷನ್ನಲ್ಲಿ ಸಿಗಲ್ಲ

ವಾಟ್ಸಾಪಲ್ಲಿ ಒಂದು ವಿಡಿಯೋ ಓಡಾಡ್ತಿದೆ. ಬಿಳಿ ಕೋಟಿನ ಒಬ್ಬರು 'ಸ್ಟೆಮ್ ಸೆಲ್ ಇಂಜೆಕ್ಷನ್ ತಗೊಂಡ್ರೆ ಹೋದ ಕಿವಿ ವಾಪಸ್ ಬರುತ್ತೆ' ಅಂತಾರೆ, ಕೆಳಗೆ ಫೋನ್ ನಂಬರ್. (ಸ್ಟೆಮ್ ಸೆಲ್ ಅಂದ್ರೆ ಬೇರೆಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ.) ದಾವಣಗೆರೆಯ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು. ದೊಡ್ಡಪ್ಪನ ಮಗ 'ಅಪ್ಪಂಗೆ ಮಾಡಿಸಿಬಿಡೋಣ, ಅಡಿಕೆ ದುಡ್ಡು ಐತಲ್ಲ' ಅಂತ ಕೆಳಗೇ ಹಾಕಿದಾನೆ. ಅದಕ್ಕೇ ಈ ಉದ್ದನೆಯ ಪೋಸ್ಟು.

ಇದೆಲ್ಲ ಬರೀ ಬೊಗಳೆ ಆಗಿದ್ದರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ. ಹಿಂದಿರುವ ವಿಜ್ಞಾನ ನಿಜ. ಆ ನಿಜವನ್ನು ತೋರಿಸಿ ಇಲ್ಲದ ಚಿಕಿತ್ಸೆ ಮಾರ್ತಿರೋದಕ್ಕೆ ಸಿಟ್ಟು.

ಒಳಗಿವಿಯಲ್ಲಿ ಸದ್ದು ಹಿಡಿಯೋ ಭಾಗ ಕಾಕ್ಲಿಯಾ. ಅದು ಇರೋದೇ ಬಟಾಣಿ ಕಾಳಿನಷ್ಟು. ಅದರೊಳಗೆ ಸಾಲಾಗಿ ನಿಂತಿರೋವೇ ಹೇರ್ ಸೆಲ್‌ಗಳು. ತಲೆಕೂದಲಿಗೂ ಅವಕ್ಕೂ ಸಂಬಂಧ ಇಲ್ಲ, ಕೋಶದ ನೆತ್ತಿಯ ಮೇಲೆ ಸಣ್ಣ ಎಳೆಗಳ ಗೊಂಚಲು ಇರೋದಕ್ಕೆ ಆ ಹೆಸರು. ಶಬ್ದಕ್ಕೆ ಗೊಂಚಲು ಬಾಗುತ್ತೆ, ಬಾಗಿದ ಕ್ಷಣ ಕೋಶದೊಳಗೆ ಅಯಾನುಗಳು (ವಿದ್ಯುತ್ ಹೊತ್ತ ಕಣಗಳು) ನುಗ್ಗುತ್ತವೆ, ಸುದ್ದಿ ನರಕ್ಕೆ ಮುಟ್ಟುತ್ತೆ. ಒಂದು ಕಣ್ಣಿನಲ್ಲಿ ಬೆಳಕು ಹಿಡಿಯೋ ಕೋಶ 10 ಕೋಟಿಗೂ ಜಾಸ್ತಿ. ಒಂದು ಕಿವಿಯಲ್ಲಿ ಈ ಹೇರ್ ಸೆಲ್ ಹೆಚ್ಚುಕಮ್ಮಿ 15,000, ಅಷ್ಟೇ. ಅದರಲ್ಲೂ ಮಿದುಳಿಗೆ ಸುದ್ದಿ ಕಳಿಸೋವು ಮುಖ್ಯವಾಗಿ ಸುಮಾರು 3,500, ಉಳಿದವು ಸದ್ದನ್ನು ಹಿಗ್ಗಿಸೋ ಕೆಲಸದವು. ಎಲ್ಲಾ ತಾಯಿ ಹೊಟ್ಟೆಯಲ್ಲೇ ತಯಾರಾಗಿ ಮುಗಿದಿರುತ್ತವೆ. ಸತ್ತರೆ ಹೊಸದು ಹುಟ್ಟಲ್ಲ.

ದೊಡ್ಡಪ್ಪ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಮಗ್ಗದ ಖಾತೆಯಲ್ಲಿದ್ದವರು. ಆ ಸದ್ದಿನಲ್ಲಿ ಪಕ್ಕದವನ ಹತ್ರ ಮಾತಾಡೋಕೂ ಕೈಸನ್ನೆಯೇ ಗತಿ. ಜೋರು ಸದ್ದಿಗೆ ಮೊದಲು ಸಾಯೋದು ಕೀಚಲು ದನಿ ಹಿಡಿಯೋ ಕೋಶಗಳು. ಹಾಗಾಗಿ ನಮ್ಮ ದಪ್ಪ ದನಿ ಅವರಿಗೆ ಕೇಳುತ್ತೆ, ಮೊಮ್ಮಗಳ ಮಾತು ಹತ್ತಲ್ಲ. ಸ, ಶ, ಚ ಎಲ್ಲಾ ಉದುರಿ ಹೋಗಿರುತ್ತೆ. ಮೊನ್ನೆ ರೊಟ್ಟಿ ಜೊತೆ 'ಶೇಂಗಾ ಹಾಕ್ಲಾ?' ಅಂತ ಅತ್ತಿಗೆ ಕೇಳಿದ್ರೆ, 'ಗಂಗಾ ಬಂದಳಾ? ಒಳಗ ಕರಿ' ಅಂದ್ರು. ಜೋರಾಗಿ ಹೇಳಿದ್ರೆ 'ಯಾಕ ಕಿರಚ್ತಿ, ನಂಗೇನು ಕಿವುಡಾ?' ಅಂತ ಬೈಗುಳ ಬೇರೆ.

ಹಕ್ಕಿಗಳದ್ದು ಮಾತ್ರ ಬೇರೆ ಕಥೆ. 1988ರಲ್ಲಿ ಅಮೆರಿಕದ ಎರಡು ತಂಡ ಬೇರೆಬೇರೆಯಾಗಿ ತೋರಿಸಿದ್ದು ಇದನ್ನೇ: ಜೋರು ಸದ್ದಿಗೆ ಕೋಳಿಯ, ಲಾವಕ್ಕಿಯ ಹೇರ್ ಸೆಲ್ ಸತ್ತರೂ ಪಕ್ಕದ ಆಸರೆ ಕೋಶಗಳಿಂದ ಹೊಸವು ಹುಟ್ತವೆ. ನಮ್ಮ ಮೆಕ್ಕೆಜೋಳ ತಿಂದು ಬೆಳೆಯೋ ಫಾರಂ ಕೋಳಿಗಿರೋ ಭಾಗ್ಯ ಆ ಜೋಳ ಬೆಳೆಯೋ ರೈತನಿಗಿಲ್ಲ, ನೋಡಿ.

ಹಾಗಾದ್ರೆ ಹೊರಗೆ ಬೆಳೆಸಬಹುದಾ? ಬೆಳೆಸಿದಾರೆ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೆಫಾನ್ ಹೆಲ್ಲರ್ ತಂಡ ಇಲಿಯ ಸ್ಟೆಮ್ ಸೆಲ್‌ಗಳಿಂದ ಹೇರ್ ಸೆಲ್‌ನಂಥ ಕೋಶ ಮಾಡಿತು. ಗೊಂಚಲನ್ನು ತಳ್ಳಿದರೆ ವಿದ್ಯುತ್ ಹರಿಯುತ್ತಿತ್ತು. 2013ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕಾರ್ಲ್ ಕೋಹ್ಲರ್ ಮತ್ತು ಎರಿ ಹಶಿನೊ ಇನ್ನೊಂದು ಹೆಜ್ಜೆ ಹೋದರು. ಕೋಶಗಳನ್ನು ತಟ್ಟೆಯ ತಳಕ್ಕೆ ಅಂಟಿಸದೆ ದ್ರವದಲ್ಲಿ ಉಂಡೆಯಾಗಿ ತೇಲಲು ಬಿಟ್ಟು, ಭ್ರೂಣದಲ್ಲಿ ಸಿಗೋ ಸಂಕೇತ ರಾಸಾಯನಿಕಗಳನ್ನು ಹೊತ್ತುಹೊತ್ತಿಗೆ ಕೊಟ್ಟರು. ಉಂಡೆಯೊಳಗೆ ಒಳಗಿವಿಯ ಅಂಗಾಂಶ ತಾನೇ ರೂಪುಗೊಂಡಿತು! 2017ರಲ್ಲಿ ಮನುಷ್ಯರ ಕೋಶದಲ್ಲೂ ಆಯ್ತು. ಆದರೆ ಹೀಗೆ ಬಂದವು ಹೆಚ್ಚಾಗಿ ದೇಹದ ತೋಲ ಕಾಯೋ ಭಾಗದ ಹೇರ್ ಸೆಲ್‌ಗಳು, ಕೇಳಿಸಿಕೊಳ್ಳೋವಲ್ಲ. ಕಾಕ್ಲಿಯಾದ ಥರದವನ್ನು ಪಡೆಯೋ ದಾರಿಯನ್ನು ಹಶಿನೊ ತಂಡ ಪ್ರಕಟಿಸಿದ್ದು 2023ರಲ್ಲಿ.

ಇದೆಲ್ಲ ಲ್ಯಾಬಿನ ತಟ್ಟೆಯಲ್ಲಿ. ಕಿವಿಯೊಳಗೆ ನಾಟಿ ಮಾಡೋದು ಬೇರೆಯದೇ ಸಮಸ್ಯೆ. ಕಾಕ್ಲಿಯಾ ಅಡಗಿರೋದು ತಲೆಬುರುಡೆಯ ಅತಿ ಗಟ್ಟಿ ಮೂಳೆಯೊಳಗೆ. ಅಲ್ಲಿ ತುಂಬಿರೋ ದ್ರವದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂದ್ರೆ ಹೊರಗಿನಿಂದ ಹೋದ ಕೋಶ ಅದರಲ್ಲಿ ಬದುಕೋದೇ ಕಷ್ಟ. ಬದುಕಿದರೂ ತನ್ನ ಸಾಲಿನಲ್ಲಿ, ಸರಿಯಾದ ದಿಕ್ಕಿಗೆ ಮುಖ ಮಾಡಿ ನಿಂತು ನರಕ್ಕೆ ಕೊಂಡಿ ಹಾಕಬೇಕು. ತೋಳಿಗೆ ಚುಚ್ಚಿದ ಇಂಜೆಕ್ಷನ್ ಇದನ್ನು ಹೇಗೆ ಮಾಡುತ್ತೆ, ಸ್ವಾಮಿ? ಸದ್ಯಕ್ಕೆ ಈ ಕೋಶಗಳ ನಿಜವಾದ ಉಪಯೋಗ ಔಷಧಿ ಪರೀಕ್ಷೆಗೆ, ಹುಟ್ಟುಕಿವುಡಿನ ಜೀನ್‌ಗಳ ಅಧ್ಯಯನಕ್ಕೆ. ನನ್ನ ಪ್ರಕಾರ ಅದೇನು ಸಣ್ಣದಲ್ಲ.

ಇನ್ನು ಕಾಮೆಂಟಲ್ಲಿ 'ಚೀನಾದಲ್ಲಿ ಕಿವುಡು ಮಕ್ಕಳಿಗೆ ಕೇಳಿಸಿತಲ್ಲ' ಅನ್ನೋರಿಗೆ: ಹೌದು, ಶಾಂಘೈ ವೈದ್ಯರ ಜೀನ್ ಥೆರಪಿಯಿಂದ (ಕೆಟ್ಟ ಜೀನ್ ಬದಲು ಸರಿಯಾದದ್ದನ್ನು ಕೋಶಕ್ಕೆ ಸೇರಿಸೋದು) 6 ಮಕ್ಕಳಲ್ಲಿ 5 ಮಕ್ಕಳಿಗೆ ಕೇಳಿಸಿತು ಅಂತ 2024ರಲ್ಲಿ ವರದಿಯಾಯ್ತು. ಆ ಮಕ್ಕಳ ಹೇರ್ ಸೆಲ್ ಸತ್ತಿರಲಿಲ್ಲ, ಓಟೊಫರ್ಲಿನ್ ಅನ್ನೋ ಒಂದು ಪ್ರೋಟೀನ್ ಇರಲಿಲ್ಲ. ಮಗ್ಗದ ಸದ್ದಿಗೆ ಸತ್ತ ಕೋಶಕ್ಕೂ ಅದಕ್ಕೂ ತಾಳೆ ಹಾಕಬೇಡಿ. ಆಸರೆ ಕೋಶಗಳನ್ನು ಎಬ್ಬಿಸೋ ಔಷಧಿಯೊಂದನ್ನು ಅಮೆರಿಕದ ಕಂಪನಿ ಮನುಷ್ಯರ ಮೇಲೆ ಪರೀಕ್ಷಿಸಿತ್ತು. 2023ರಲ್ಲಿ ಅದು ಫೇಲಾಯ್ತು.

ದೇಶದ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಖಡಾಖಂಡಿತ: ರಕ್ತದ ಕಾಯಿಲೆಗಳಂಥ ಒಪ್ಪಿತ ಕೆಲವಕ್ಕೆ ಮಾಡೋ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಮನುಷ್ಯರ ಮೇಲಿನ ಪರೀಕ್ಷೆ, ಅಂದ್ರೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಯಾರಾದ್ರೂ 'ಟ್ರಯಲ್' ಅಂದ್ರೆ ಸಿಟಿಆರ್‌ಐ (ದೇಶದ ಇಂಥ ಪರೀಕ್ಷೆಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ನಂಬರ್ ಕೇಳಿ. ಪ್ಯಾಕೇಜ್ ರೇಟು ಹೇಳಿದ್ರೆ ಅದು ಟ್ರಯಲ್ಲೇ ಅಲ್ಲ, ಎದ್ದು ಬನ್ನಿ.

ಅದೇ ದುಡ್ಡಲ್ಲಿ ಒಳ್ಳೆ ಹಿಯರಿಂಗ್ ಏಡ್ ಬರುತ್ತೆ. ಮೊದಲು ಇಎನ್‌ಟಿ ಡಾಕ್ಟರ್ ಹತ್ರ ಆಡಿಯೋಮೆಟ್ರಿ (ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ಮಾಡಿಸಿ. ಕನ್ನಡಕ ಹಾಕ್ಕೊಂಡು ಮದುವೆಗೆ ಹೋಗೋ ಜನ ಕಿವಿ ಮಷಿನ್ ಅಂದ್ರೆ ಯಾಕೆ ಮುದುಡಿಕೊಳ್ತಾರೋ! ಪೂರಾ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸೋ ಸಾಧನ) ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಮತ್ತೆ ಡಿಜೆ. ನಮ್ಮಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಗಣಪತಿ ಬಿಡುವಾಗ ನೋಡೋದೇ ಇದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದ್ರೆ ಹೊತ್ತು ಅರ್ಧ. 100ಕ್ಕೆ ಬಂದರೆ ಬರೀ 15 ನಿಮಿಷ. ದೊಡ್ಡಪ್ಪ ಹೊಟ್ಟೆಪಾಡಿಗೆ ಕಿವಿ ಕಳಕೊಂಡ್ರು, ಈ ಹುಡುಗರು ಶೋಕಿಗೆ. ಬೈಯೋರು ಕಾಮೆಂಟಲ್ಲಿ ಬೈಯ್ರಿ, ಬೇಜಾರಿಲ್ಲ. ಸ್ಪೀಕರ್ ಮುಂದೆ ಕುಣಿಯೋ ನಿಮ್ಮ ಮಗನ ಜೇಬಿಗೆ ಒಂದು ಜೊತೆ ಇಯರ್‌ಪ್ಲಗ್ ಹಾಕಿ ಕಳಿಸ್ರಿ.