ಮಗಳೇ ಮಾತಾಡಿದ ಮೀಟಿಂಗು

ಕಳೆದ ಮಾರ್ಚಿನಲ್ಲಿ ಅಮ್ಮ ತಿಪಟೂರಿನಿಂದ ನಮ್ಮಲ್ಲಿಗೆ ಬಂದಿದ್ದರು. ನಾವಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವ್ಯಾಂಕೂವರ್ ಪಕ್ಕದ ಸರ್ರೆ ಊರಿನಲ್ಲಿ. ಅದೇ ವಾರ ನಾಲ್ಕನೇ ಕ್ಲಾಸಿನ ಮಗಳ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಅಜ್ಜಿಯೂ ಬರಲೇಬೇಕು ಎಂದು ಮಗಳು ಹಟ ಹಿಡಿದಳು. "ಇಂಗ್ಲಿಷ್ ಬರದೋಳು ನಾನು, ಅಲ್ಲಿ ಬಂದು ಏನ್ ಮಾಡ್ಲಿ?" ಎಂದರು ಅಮ್ಮ. "ಮಾತಾಡೋದು ನಾನೇ ಅಜ್ಜಿ. ನಿಂಗೆ ಕನ್ನಡದಲ್ಲೇ ಹೇಳ್ತೀನಿ" ಎಂದಳು.

ಹೇಳಿದ ಹಾಗೇ ಮಾಡಿದಳು. ತರಗತಿಯಲ್ಲಿ ಒಂದೊಂದು ಮೇಜಿಗೆ ಒಂದೊಂದು ಮನೆಯವರಂತೆ ನಾಲ್ಕು ಮನೆಯವರು ಒಟ್ಟಿಗೆ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ತನ್ನ ತಾತನಿಗೆ ಪಂಜಾಬಿಯಲ್ಲಿ ಏನೋ ವಿವರಿಸುತ್ತಿದ್ದ. ಟೀಚರ್ ಮೇಜಿನಿಂದ ಮೇಜಿಗೆ ಓಡಾಡುತ್ತಾ ಕೇಳಿಸಿಕೊಳ್ಳುತ್ತಿದ್ದರು. ಮಗಳು ಫೈಲಿನಿಂದ ಒಂದು ಲೆಕ್ಕದ ಹಾಳೆ ತೆಗೆದಳು. ಮೂರನೇ ಒಂದು ಭಾಗಕ್ಕಿಂತ ನಾಲ್ಕನೇ ಒಂದು ಭಾಗ ದೊಡ್ಡದು ಎಂದು ಅದರಲ್ಲಿ ಬರೆದಿದ್ದಳು. "ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ ಹಾಗೆ ಬರೆದಿದ್ದೆ. ಅದು ತಪ್ಪು ಅಂತ ಈಗ ಗೊತ್ತು. ಆದ್ರೆ ಬೇರೆ ಬೇರೆ ಭಾಗಗಳನ್ನ ಕೂಡಿಸೋದು ಇನ್ನೂ ಬರಲ್ಲ" ಎಂದಳು. ದನಿಯಲ್ಲಿ ಭಯವಿರಲಿಲ್ಲ.

ಅಮ್ಮ ಹಾಳೆಯನ್ನು ಹತ್ತಿರ ಎಳೆದುಕೊಂಡರು. "ಪಾವು ಅಂದ್ರೇನೇ ಕಾಲು ಕಣೇ. ನಾಲ್ಕು ಪಾವು ಸೇರಿದ್ರೆ ಒಂದು ಸೇರು. ಪಾವಲ್ಲಿ ಅರ್ಧ ಅರೆಪಾವು, ಅದರಲ್ಲಿ ಅರ್ಧ ಚಟಾಕು. ಭಾಗ ಜಾಸ್ತಿ ಆದಷ್ಟೂ ಅಳತೆ ಸಣ್ಣದಾಗ್ತಾ ಹೋಗುತ್ತೆ" ಎಂದರು. ಅಜ್ಜಿ ಏನು ಹೇಳಿದರು ಎಂದು ಟೀಚರ್ ಕೇಳಿದರು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಸೇರು ಪಾವುಗಳ ಚಿತ್ರ ಬರೆದು ಫೈಲಿಗೆ ಸೇರಿಸು ಎಂದರು ಅವರು.

ಮಕ್ಕಳೇ ನಡೆಸುವ ಇಂಥ ಮೀಟಿಂಗು ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ. ಎರಡು ಮೂರು ವಾರ ಮೊದಲೇ ತಯಾರಿ ಶುರುವಾಗುತ್ತದೆ. ಚೆನ್ನಾಗಿ ಬಂದದ್ದು ಒಂದು, ಕಷ್ಟವಾದದ್ದು ಒಂದು, ಮುಂದೆ ಕಲಿಯಬೇಕಾದದ್ದು ಒಂದು ಎಂದು ಮಕ್ಕಳೇ ಆರಿಸಿಕೊಳ್ಳುತ್ತಾರೆ. ಗೆಳೆಯರ ಎದುರು ಒಮ್ಮೆ ಹೇಳಿ ಅಭ್ಯಾಸ ಮಾಡುತ್ತಾರೆ. 2023ರ ಜುಲೈನಿಂದ ಈ ಪ್ರಾಂತ್ಯದಲ್ಲಿ ಹೊಸ ನಿಯಮ ಬಂದಿದೆ. ಮಗುವಿನ ಕಲಿಕೆ ಬಗ್ಗೆ ವರ್ಷಕ್ಕೆ 5 ಸಲ ಮನೆಗೆ ತಿಳಿಸಬೇಕು. ಅದರಲ್ಲಿ 3 ಸಲ ಬರೆದೇ ಕೊಡಬೇಕು. ಉಳಿದ 2 ಸಲಕ್ಕೆ ಇಂಥ ಭೇಟಿ ನಡೆಸಬಹುದು. ತಾನು ಹೇಗೆ ಕಲಿಯುತ್ತಿದ್ದೇನೆ, ಮುಂದಿನ ಗುರಿ ಏನು ಎಂಬ ಮಗುವಿನ ಮಾತಿಗೂ ವರದಿಯಲ್ಲಿ ಜಾಗ ಇರಲೇಬೇಕು.

ನನ್ನ ಕಾಲದ್ದು ನೆನಪಾಯಿತು. ಎಂಟನೇ ಕ್ಲಾಸಿನಲ್ಲಿ ಲೆಕ್ಕಕ್ಕೆ 38 ಬಂದಿತ್ತು. ಅಪ್ಪನನ್ನು ಶಾಲೆಗೆ ಕರೆಸಿದರು. ಅಪ್ಪ ಒಳಗೆ ಕೈಕಟ್ಟಿ ನಿಂತಿದ್ದರು, ನಾನು ಹೊರಗೆ ಕಿಟಕಿ ಪಕ್ಕ ನಿಂತಿದ್ದೆ. "ಹುಡುಗನಿಗೆ ಗಮನ ಇಲ್ಲ" ಎಂದು ಮೇಷ್ಟ್ರು ಹೇಳಿದ್ದು ಕೇಳಿಸಿತು. ಬೀಜಗಣಿತ ಶುರುವಾದ ಎರಡು ವಾರ ನಾನು ಕಾಮಾಲೆ ಬಂದು ಮಲಗಿದ್ದೆ. ಆಮೇಲೆ ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಮನೆಗೆ ಹೋದ ಮೇಲೆ ಏಟು ಬಿತ್ತು. ಅಪ್ಪನನ್ನು ಈಗಲೂ ದೂರುವುದಿಲ್ಲ. ಅವರ ಕೈಗೆ ಸಿಕ್ಕಿದ್ದು 38 ಎಂಬ ಅಂಕಿ ಒಂದೇ.

ಹಾಗಂತ ಇಲ್ಲಿನದೆಲ್ಲ ಸರಿ ಎನ್ನುವುದಿಲ್ಲ. ಒಂಬತ್ತನೇ ತರಗತಿವರೆಗೆ ಇಲ್ಲಿ ಮಾರ್ಕ್ಸ್ ಇಲ್ಲ. ಎಮರ್ಜಿಂಗ್ (ಈಗಷ್ಟೇ ಶುರು), ಡೆವಲಪಿಂಗ್ (ಬೆಳೆಯುತ್ತಿದೆ), ಪ್ರೊಫಿಷಿಯೆಂಟ್ (ಚೆನ್ನಾಗಿ ಬಂದಿದೆ), ಎಕ್ಸ್‌ಟೆಂಡಿಂಗ್ (ಅದಕ್ಕೂ ಮುಂದೆ ಹೋಗಿದೆ) ಎಂದು ನಾಲ್ಕು ಮೆಟ್ಟಿಲು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗಿನ ಭೇಟಿಯಲ್ಲಿ ಚಂದದ ಚಿತ್ರಗಳನ್ನೆಲ್ಲ ತೋರಿಸಿದಳು, ನಾವು ಖುಷಿಯಾಗಿ ಬಂದೆವು. ಓದುವುದರಲ್ಲಿ ಅವಳು ಹಿಂದೆ ಬಿದ್ದಿದ್ದಾಳೆ ಎಂದು ಗೊತ್ತಾಗಿದ್ದು ಬೇಸಿಗೆ ರಜೆಯಲ್ಲಿ, ಅದೂ ನಾವೇ ಕೂರಿಸಿ ಓದಿಸಿದಾಗ. ಎಂಟು ವರ್ಷದ ಮಗು ಇದನ್ನು ತಾನಾಗಿ ಹೇಳಲಿ ಎಂದು ಕಾಯುವುದು ತಪ್ಪು. ಅದನ್ನು ಹೇಳಬೇಕಾದವರು ಟೀಚರ್, ಅದೂ ಸುತ್ತಿ ಬಳಸದೆ. ಅಂದಿನಿಂದ ನಾನು ಟೀಚರ್ ಜೊತೆ ಮಾತಾಡಲು ಹದಿನೈದು ನಿಮಿಷ ಬೇರೆಯಾಗಿ ಕೇಳಿ ಪಡೆಯುತ್ತೇನೆ. ಮಗು ಎದುರಿಗಿದ್ದಾಗ ಆಡಲಾಗದ ಮಾತೂ ಇರುತ್ತದೆ, ಅಲ್ವಾ?

ಆದರೂ ಈ ಪದ್ಧತಿ ನಮ್ಮ ಕಡೆ ಬರಲಿ ಎಂಬುದು ನನ್ನ ಆಸೆ. ಇದರ ಬೇರು ನಮ್ಮಲ್ಲೇ ಇದೆ. ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಆರು ವರ್ಷದ ಮಗುವಿಗೂ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ಗೊತ್ತಿರುತ್ತದೆ. ಮೂರನೇ ಕ್ಲಾಸಿಗೆ ಅದು ಮುಗಿಯುತ್ತದೆ. ಅಲ್ಲಿಂದ ಮುಂದೆ ಮಗುವಿನ ಬಗ್ಗೆ ದೊಡ್ಡವರೇ ಮಾತಾಡಿಕೊಳ್ಳುತ್ತಾರೆ. ಇಂಗ್ಲಿಷ್ ಮೀಡಿಯಂ ಶಾಲೆಗಳ ಮೀಟಿಂಗಿನಲ್ಲಿ ಎಷ್ಟೋ ತಾಯಂದಿರು ತಲೆಯಾಡಿಸಿ, ಸಹಿ ಹಾಕಿ ಬರುತ್ತಾರೆ. ಮಗುವೇ ಎದುರು ಕೂತು ಮನೆಮಾತಿನಲ್ಲಿ ಹೇಳಿದರೆ ಅವರೂ ಮಾತಾಡುತ್ತಾರೆ. ನಮ್ಮಮ್ಮ ಮಾತಾಡಲಿಲ್ಲವೇ?

ತುಮಕೂರಿನ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರುವ ತಂಗಿಗೆ ಇದನ್ನು ಹೇಳಿದೆ. "45 ಮಕ್ಕಳಿದ್ದಾರೆ, ಎಲ್ಲಿದೆ ಅಣ್ಣ ಟೈಮು?" ಎಂದಳು. ಒಂದು ಸಲಕ್ಕೆ ಐದು ಮನೆಯವರನ್ನು ಕೂರಿಸಿದರೆ ಅರ್ಧ ಗಂಟೆಯಂತೆ ಒಂಬತ್ತು ಸುತ್ತು, ಎರಡು ಮಧ್ಯಾಹ್ನದ ಕೆಲಸ ಎಂದೆ. ಕೂಲಿ ಬಿಟ್ಟು ಬರಬೇಕಾದವರ ಗತಿ ಏನು ಎಂದು ಕೇಳಿದಳು. ಸರಿಯಾದ ಪ್ರಶ್ನೆಯೇ. ಅಂಥವರಿಗೆ ಸಂಜೆಯ ಹೊತ್ತು ಇಡಬೇಕಾಗುತ್ತದೆ. ಆ ಭಾರ ಅವಳ ಮೇಲೇ ಬೀಳುತ್ತದೆ ಎಂದು ನನಗೂ ಗೊತ್ತು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಕಲಿಕೆ ತೋರಿಸುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನ ಐದನೇ ಕ್ಲಾಸಿನ ಐದೇ ಮಕ್ಕಳಿಂದ ಶುರು ಮಾಡುತ್ತಾಳಂತೆ. ಸಭೆಗೆ ಬಂದರೂ ಒಂದು ಮಾತೂ ಆಡದೆ ಹಿಂದೆ ಕೂರುವ ಐದು ಜನ ಅಮ್ಮಂದಿರ ಮಕ್ಕಳನ್ನು ಆರಿಸಿಕೊಂಡಿದ್ದಾಳೆ.